ಓದುಗರ ಪ್ರಶ್ನೆ: ಹ್ಯಾಂಡ್‌ಹೆಲ್ಡ್‌ನಲ್ಲಿರುವುದು ಆರ್ಕೇಡ್ ಆಟವನ್ನು ಕತ್ತರಿಸಿ ಕುಗ್ಗಿಸಿದ ನಕಲೇ?

ಪ್ರಶ್ನೆ: ನಾಣ್ಯ ಹಾಕಿ ಆಡುವ ಆರ್ಕೇಡ್‌ನಲ್ಲಿ ಆಡಿದ ಬೀಟ್-ಎಮ್-ಅಪ್ ಆಟಗಳನ್ನೇ, ಅಂದರೆ ಸಾಲುಸಾಲಾಗಿ ಬರುವ ವೈರಿಗಳನ್ನು ಹೊಡೆದುರುಳಿಸುತ್ತ ಸಾಗುವ ಆಟಗಳನ್ನೇ, ಅಂಗೈಯಲ್ಲಿ ಹಿಡಿದು ಆಡುವ (ಹ್ಯಾಂಡ್‌ಹೆಲ್ಡ್) ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಆಡಿದಾಗ ಏನೋ ಬೇರೆಯಾಗಿದೆ ಎನಿಸುತ್ತದೆ. ಯಂತ್ರಕ್ಕೆ ಶಕ್ತಿ ಸಾಲದೆ ಮೂಲ ಆಟವನ್ನು ಕತ್ತರಿಸಿ, ಕುಗ್ಗಿಸಿ ತುಂಬಿದ್ದಾರೆಯೇ?

ಉತ್ತರ: ಇಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕ ನನ್ನಲ್ಲಿ ಉಳಿದಿಲ್ಲ. ಆದರೂ ‘ಚಿಕ್ಕ ಯಂತ್ರ, ಆದ್ದರಿಂದ ಅರೆಬರೆ ಆಟ’ ಎಂಬ ನಂಬಿಕೆ ಮತ್ತೆ ಮತ್ತೆ ತಲೆಯೆತ್ತುವುದರಿಂದ, ಈ ಸಲ ಅದನ್ನು ಬುಡದಿಂದಲೇ ಪರಿಶೀಲಿಸೋಣ.

ಮೊದಲು ಕತ್ತರಿಯ ವಿಷಯ. ಕ್ಯಾಪ್‌ಕಾಮ್ ಸಂಸ್ಥೆಯ ‘ಫೈನಲ್ ಫೈಟ್’ ಆರ್ಕೇಡ್‌ಗೆ ಬಂದದ್ದು 1989ರಲ್ಲಿ. ಮರುವರ್ಷ ಅದು ಸೂಪರ್ ಫ್ಯಾಮಿಕಾಮ್‌ಗೆ, ಅಂದರೆ ಜಪಾನಿನ ಹೊರಗಿನವರು ಸೂಪರ್ ನಿಂಟೆಂಡೊ ಎಂದು ಕರೆದ ಯಂತ್ರಕ್ಕೆ ಬಂದಾಗ, ಮೂವರು ನಾಯಕರಲ್ಲಿ ಒಬ್ಬನಾದ ಗೈ ಕಾಣೆಯಾಗಿದ್ದ, ಕಾರ್ಖಾನೆಯ ಹಂತವೊಂದು ಇರಲಿಲ್ಲ, ಇಬ್ಬರು ಕೂಡಿ ಆಡುವ ಅವಕಾಶವೂ ಇರಲಿಲ್ಲ. ಅದು ಟಿವಿಗೆ ಜೋಡಿಸಿ ಆಡುವ ಯಂತ್ರ, ಹ್ಯಾಂಡ್‌ಹೆಲ್ಡ್ ಅಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆಂದು ಸಿದ್ಧವಾದ ‘ಫೈನಲ್ ಫೈಟ್ ಒನ್’ ಈ ಮೂರನ್ನೂ ಮರಳಿಸಿತು: ಗೈ ಬಂದ, ಕಾರ್ಖಾನೆ ಬಂತು, ಲಿಂಕ್ ಕೇಬಲ್ ಮೂಲಕ ಜೋಡಿಯಾಟವೂ ಬಂತು. ಕತ್ತರಿಸಿದ್ದು ದೊಡ್ಡ ಯಂತ್ರದಲ್ಲಿ, ಹೊಲಿದು ಸೇರಿಸಿದ್ದು ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ.

ಇನ್ನು ಶಕ್ತಿಯ ವಿಷಯ. ‘ಫೈನಲ್ ಫೈಟ್’ ಓಡುತ್ತಿದ್ದ ಆರ್ಕೇಡ್ ಬೋರ್ಡಿನ ಮುಖ್ಯ ಪ್ರೊಸೆಸರ್ 10 ಮೆಗಾಹರ್ಟ್ಸ್ ವೇಗದ 68000. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿದ್ದದ್ದು ಸುಮಾರು 16.8 ಮೆಗಾಹರ್ಟ್ಸ್ ವೇಗದ 32 ಬಿಟ್ ಎಆರ್‌ಎಂ ಪ್ರೊಸೆಸರ್. ಬೇರೆ ಬೇರೆ ಬಗೆಯ ಪ್ರೊಸೆಸರ್‌ಗಳನ್ನು ಮೆಗಾಹರ್ಟ್ಸ್ ಒಂದರಿಂದಲೇ ತೂಗಬಾರದು, ನಿಜ. ಆದರೆ ಲೆಕ್ಕ ಮಾಡುವ ಶಕ್ತಿಯಲ್ಲಿ ಈ ಪುಟ್ಟ ಯಂತ್ರ ಹಿಂದುಳಿದಿತ್ತು ಎಂದು ಯಾವ ಅಳತೆಯಿಂದಲೂ ಹೇಳಲಾಗದು. ಅದು ನಿಜವಾಗಿ ಸೋತದ್ದು ಧ್ವನಿಯಲ್ಲಿ. ಆರ್ಕೇಡ್ ಬೋರ್ಡಿನಲ್ಲಿ ಧ್ವನಿಗೆಂದೇ ಪ್ರತ್ಯೇಕ ಪ್ರೊಸೆಸರ್ ಮತ್ತು ಚಿಪ್‌ಗಳಿದ್ದವು. ಇಲ್ಲಿಯೋ, ಮುದ್ರಿತ ಧ್ವನಿಗಳನ್ನು ಬೆರೆಸುವ ಹೊರೆಯೂ ಮುಖ್ಯ ಪ್ರೊಸೆಸರ್‌ನ ಮೇಲೆಯೇ ಬೀಳುತ್ತಿತ್ತು.

ಹಾಗಾದರೆ ಆಟ ಬೇರೆಯೆನಿಸುವುದೇಕೆ? ಪರದೆಯಿಂದ. ಆರ್ಕೇಡ್ ಚಿತ್ರದ ಅಳತೆ 384×224 ಪಿಕ್ಸೆಲ್, ಗೇಮ್ ಬಾಯ್ ಅಡ್ವಾನ್ಸ್‌ನದು 240×160. ಅರ್ಧಕ್ಕಿಂತಲೂ ಕಡಿಮೆ ಜಾಗ. ‘ಸುಮ್ಮನೆ ಕುಗ್ಗಿಸಿದ್ದಾರೆ’ ಎನ್ನುವವರು ಒಮ್ಮೆ ಕಾಗದದ ಮೇಲೆ ಪ್ರಯತ್ನಿಸಿ ನೋಡಬೇಕು. ಈ ಪರದೆಗೆ ಹೊಂದಿಸಲು ಪ್ರತಿ ಎಂಟು ಕಂಬಸಾಲುಗಳಲ್ಲಿ ಮೂರನ್ನೂ, ಪ್ರತಿ ಏಳು ಅಡ್ಡಸಾಲುಗಳಲ್ಲಿ ಎರಡನ್ನೂ ಕಿತ್ತುಹಾಕಬೇಕಾಗುತ್ತದೆ. ಆಗ ಒಂದೆರಡು ಪಿಕ್ಸೆಲ್‌ಗಳಲ್ಲಿ ಬಿಡಿಸಿದ ಕಣ್ಣು ಅಳಿಸಿಹೋಗುತ್ತದೆ, ಮುಷ್ಟಿ ಮುದ್ದೆಯಾಗುತ್ತದೆ. ಆದ್ದರಿಂದ ಕಲಾವಿದರಿಗೆ ಉಳಿಯುವುದು ಎರಡೇ ದಾರಿ: ಪಾತ್ರಗಳನ್ನು ಹೊಸದಾಗಿ ಚಿಕ್ಕದಾಗಿ ಬಿಡಿಸುವುದು, ಇಲ್ಲವೇ ಪಾತ್ರಗಳ ಗಾತ್ರವನ್ನು ಉಳಿಸಿಕೊಂಡು ಸುತ್ತಲಿನ ಬೀದಿಯನ್ನು ಬಿಟ್ಟುಕೊಡುವುದು. ಎರಡನೆಯ ದಾರಿ ಹಿಡಿದರೆ ವೈರಿ ಪರದೆಯ ಅಂಚಿನಿಂದ ಒಳಬಂದು ಕೈಗೆಟಕುವ ದೂರ ತಲುಪಲು ಹಿಡಿಯುವ ಸಮಯವೇ ಕಡಿಮೆಯಾಗುತ್ತದೆ. ಮೇಲೆ ಕೆಳಗೆ ಸರಿದು ಏಟು ತಪ್ಪಿಸಿಕೊಳ್ಳುವ ನೆಲದ ಪಟ್ಟಿಯೂ ಕಿರಿದಾಗುತ್ತದೆ. ಬೀಟ್-ಎಮ್-ಅಪ್ ಆಟದ ಜೀವವಿರುವುದೇ ಆ ಪಟ್ಟಿಯಲ್ಲಿ. ಅದು ಕಿರಿದಾದಾಗ ವೈರಿಗಳ ಸಂಖ್ಯೆಯನ್ನೂ ಅವರು ಬರುವ ಹೊತ್ತನ್ನೂ ಹೊಸದಾಗಿ ಹೊಂದಿಸಬೇಕು. ಇಷ್ಟೆಲ್ಲ ಮಾಡಿದ್ದನ್ನು ‘ನಕಲು’ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಈ ತಪ್ಪು ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂಬುದೂ ನನಗೆ ಗೊತ್ತು. ಗೇಮ್ ಬಾಯ್ ಅಡ್ವಾನ್ಸ್‌ಗಿಂತ ಹಿಂದಿನ ಗೇಮ್ ಬಾಯ್ ನಿಜಕ್ಕೂ ಇಕ್ಕಟ್ಟಿನ ಯಂತ್ರವಾಗಿತ್ತು. ಅದರ ಪರದೆಯ ಒಂದು ಅಡ್ಡಸಾಲಿನಲ್ಲಿ ಎಂಟು ಪಿಕ್ಸೆಲ್ ಅಗಲದ ಹತ್ತು ಸ್ಪ್ರೈಟ್‌ಗಳಿಗಷ್ಟೇ (ಪಾತ್ರಗಳನ್ನು ಕಟ್ಟುವ, ಪರದೆಯ ಮೇಲೆ ಚಲಿಸುವ ಚಿತ್ರತುಣುಕುಗಳಿಗಷ್ಟೇ) ಜಾಗ. ಒಂದು ದೇಹಕ್ಕೆ ಎರಡು ಸ್ಪ್ರೈಟ್ ಅಗಲ ಬೇಕೆಂದುಕೊಂಡರೆ ಐದು ಮಂದಿ ಒಂದೇ ಸಾಲಿನಲ್ಲಿ ನಿಂತಾಗಲೇ ಮಿತಿ ಮುಗಿಯಿತು. ಅವರಲ್ಲೊಬ್ಬ ಕೈ ಚಾಚಿದರೆ ಯಾರದೋ ದೇಹದ ಒಂದು ಭಾಗ ಪರದೆಯಿಂದ ಮಾಯವಾಗುತ್ತದೆ. 1990ರಲ್ಲಿ ಆ ಯಂತ್ರಕ್ಕೆ ಬಂದ ‘ಡಬಲ್ ಡ್ರ್ಯಾಗನ್’ನಲ್ಲಿ ನಾಯಕರಾದ ಅಣ್ಣತಮ್ಮಂದಿರು ಬಿಲ್ಲಿ ಮತ್ತು ಜಿಮ್ಮಿ ಒಟ್ಟಾಗಿ ಬೀದಿಯಲ್ಲಿ ಸಾಗುವಂತಿರಲಿಲ್ಲ. ಆ ಕಾಲದ ಇಕ್ಕಟ್ಟನ್ನು ಮುಂದಿನ ಎಲ್ಲ ಹ್ಯಾಂಡ್‌ಹೆಲ್ಡ್‌ಗಳ ತಲೆಗೆ ಕಟ್ಟಿದ್ದೇ ತಪ್ಪು. ಆರ್ಕೇಡ್ ಆಟಗಳನ್ನು ನೇರವಾಗಿ ಅಂಗೈಗೆ ತಂದ ಉದಾಹರಣೆಗಳೂ ಇವೆ: 2006ರಲ್ಲಿ ಸೋನಿಯ ಹ್ಯಾಂಡ್‌ಹೆಲ್ಡ್ ಆದ ಪಿಎಸ್‌ಪಿಗೆ ಬಂದ ಕ್ಯಾಪ್‌ಕಾಮ್ ಸಂಗ್ರಹವೊಂದರಲ್ಲಿ ‘ಫೈನಲ್ ಫೈಟ್’ ಇತ್ತು, ಮತ್ತು ಪಿಎಸ್‌ಪಿಯ 480×272ರ ಪರದೆ ಆರ್ಕೇಡ್ ಚಿತ್ರಕ್ಕಿಂತ ದೊಡ್ಡದು.

ಯಾರೂ ಕೇಳದಿದ್ದರೂ ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ: ಜೊತೆಗಾರ ಇಲ್ಲದಿದ್ದಾಗ ಏನು ಮಾಡುವುದು? ಆರ್ಕೇಡ್‌ನಲ್ಲಿ ಪಕ್ಕದಲ್ಲಿ ನಿಂತವನು ಒಂದು ನಾಣ್ಯ ಹಾಕಿದರೆ ಸಾಕು, ಜೋಡಿ ಸಿದ್ಧವಾಗುತ್ತಿತ್ತು. ಹ್ಯಾಂಡ್‌ಹೆಲ್ಡ್‌ನಲ್ಲಿ ಆ ಗೆಳೆಯನ ಬಳಿಯೂ ಸ್ವಂತ ಯಂತ್ರವಿರಬೇಕು, ನಡುವೆ ಕೇಬಲ್ ಬೇಕು. 2003ರ ‘ಡಬಲ್ ಡ್ರ್ಯಾಗನ್ ಅಡ್ವಾನ್ಸ್’ ಈ ತೊಡಕಿಗೆ ಕಂಡುಕೊಂಡ ಪರಿಹಾರ ನನಗೆ ಇಂದಿಗೂ ಅಚ್ಚುಮೆಚ್ಚು. 1987ರ ಮೂಲ ಆಟವನ್ನು ರೂಪಿಸಿದ ಯೋಶಿಹಿಸಾ ಕಿಶಿಮೊಟೊ ಅವರೇ ಈ ಮರುಸೃಷ್ಟಿಯಲ್ಲೂ ಕೈಜೋಡಿಸಿದ್ದರು. ಹೊಸ ಹಂತಗಳೂ ಹೊಸ ಪಟ್ಟುಗಳೂ ಸೇರಿದವು. ಅದರ ಒಂದು ಬಗೆಯ ಆಟದಲ್ಲಿ ಬಿಲ್ಲಿ ಮತ್ತು ಜಿಮ್ಮಿ ಇಬ್ಬರೂ ಪರದೆಯ ಮೇಲಿರುತ್ತಾರೆ, ಒಬ್ಬನೇ ಆಟಗಾರ ಅವರಿಬ್ಬರನ್ನೂ ಸರದಿಯಂತೆ ನಡೆಸುತ್ತಾನೆ. ಒಬ್ಬನನ್ನು ಮುನ್ನಡೆಸುವಾಗ ಇನ್ನೊಬ್ಬನನ್ನು ಎಲ್ಲಿ ನಿಲ್ಲಿಸಿ ಬಂದೆವು, ಅವನ ಸುತ್ತ ಯಾರಿದ್ದಾರೆ ಎಂಬುದನ್ನು ಸದಾ ನೆನಪಿಟ್ಟುಕೊಳ್ಳಬೇಕಾದ ಈ ಲೆಕ್ಕಾಚಾರ ಆರ್ಕೇಡ್‌ನ ಮೂಲ ಆಟದಲ್ಲಿ ಇರಲೇ ಇಲ್ಲ.