ತಾಳಕ್ಕೆ ಗುರುತು, ಶ್ರುತಿಗೆ ಬಿಗಿ

ಬಾನೆಟ್ ಎತ್ತಿದ ಕೂಡಲೇ ಕಾಣುವ ಬೆಲ್ಟ್ ಟೈಮಿಂಗ್ ಬೆಲ್ಟ್ ಅಲ್ಲ. ಅದು ಆಲ್ಟರ್ನೇಟರ್, ಎಸಿ ಓಡಿಸುವ ಬೆಲ್ಟ್. ಟೈಮಿಂಗ್ ಬೆಲ್ಟ್ ಸಾಮಾನ್ಯವಾಗಿ ಎಂಜಿನ್ನಿನ ಒಂದು ಬದಿಯಲ್ಲಿ, ಮುಚ್ಚಳದ ಹಿಂದೆ ಅಡಗಿರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ನೆನಪಿಗೂ ಬರುವುದಿಲ್ಲ.

ಅದರ ಕೆಲಸ ಭಾರ ಎಳೆಯುವುದಕ್ಕಿಂತ ಹೆಚ್ಚಾಗಿ ತಾಳ ಕಾಯುವುದು. ಕೆಳಗೆ ಕ್ರ್ಯಾಂಕ್‌ಶಾಫ್ಟ್ ಪಿಸ್ಟನ್‌ಗಳ ಜೊತೆ ತಿರುಗುತ್ತದೆ. ಮೇಲೆ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರಬೇಕು. ಅದಕ್ಕೇ ಕ್ಯಾಮ್ ಪುಲ್ಲಿಗೆ ಕ್ರ್ಯಾಂಕ್ ಪುಲ್ಲಿಯ ಎರಡರಷ್ಟು ಹಲ್ಲು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ತೆರೆದ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ. ಒಂದು ಬಂದಾಗ ಇನ್ನೊಂದು ಅಲ್ಲಿರಬಾರದು, ಅಷ್ಟೇ ಷರತ್ತು. ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಓಡುತ್ತಲೇ ಇರುತ್ತದೆ. ತೆರೆದು ನಿಂತ ವಾಲ್ವ್‌ಗಳು ಬಾಗಿ ಹೋಗುತ್ತವೆ.

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ಬಂದದ್ದು ಅದು. ಮೇಲಿನ ಸೂಜಿ, ಕೆಳಗಿನ ಬಾಬಿನ್ ಎರಡೂ ಒಂದೇ ತಾಳಕ್ಕೆ ನಡೆಯಬೇಕಲ್ಲ! ಕಾರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ಬಳಸಿದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರ ತನ್ನ 1004 ಮಾದರಿಯಲ್ಲಿ. ಅದಕ್ಕೂ ಮೊದಲು ಈ ಕೆಲಸಕ್ಕೆ ಚೈನ್ ಅಥವಾ ಗೇರ್ ಇರುತ್ತಿತ್ತು. ಈಗಲೂ ಎಷ್ಟೋ ಕಾರುಗಳಲ್ಲಿ ಚೈನೇ ಇದೆ. ನಿಮ್ಮದರಲ್ಲಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ, ಸುಮ್ನೆ ಬಿಚ್ಚಬೇಡಿ.

ನೋಡಲು ಇದು ರಬ್ಬರಿನ ಪಟ್ಟಿ. ಎಳೆತ ತಡೆಯುವುದು ಮಾತ್ರ ಒಳಗಿರುವ ಗಾಜಿನ ನಾರಿನ ಹುರಿಗಳು. ಗಾಜಿನ ನಾರು ಎಳೆದರೆ ಹಿಗ್ಗುವುದಿಲ್ಲ, ಅದಕ್ಕೇ ತಾಳ ಕೆಡುವುದಿಲ್ಲ. ಆದರೆ ಗಟ್ಟಿಯಾಗಿ ಮಡಚಿದರೆ ಒಳಗೇ ಮುರಿಯುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಹೊಸ ಬೆಲ್ಟನ್ನು ಮಡಚಬಾರದು, ಒಳಮೈ ಹೊರಗೆ ಮಗುಚಬಾರದು, ಸ್ಕ್ರೂಡ್ರೈವರ್ ತೂರಿಸಿ ಪುಲ್ಲಿಗೆ ಏರಿಸಬಾರದು ಎನ್ನುವುದು ಇದಕ್ಕೇ. ಬೆಲ್ಟ್ ಯಾವಾಗ ಬದಲಿಸಬೇಕು ಎಂಬುದಕ್ಕೆ ಕಿಲೋಮೀಟರ್ ಜೊತೆಗೆ ಕಂಪನಿಯವರು ವರ್ಷದ ಲೆಕ್ಕವನ್ನೂ ಕೊಡುತ್ತಾರೆ. ನಿಂತ ಕಾರಿನಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ.

ಮನೆಯಲ್ಲೇ ಬದಲಾಯಿಸಬಹುದಾ? ಬದಲಾಯಿಸಬಹುದು. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್, ಬೋಲ್ಟನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಟಾರ್ಕ್ ರೆಂಚ್, ಒಂದು ಪೂರ್ತಿ ದಿನ ಕೈಯಲ್ಲಿದ್ದರೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೈ ಹಾಕಬೇಡಿ ಎನ್ನುತ್ತೇನೆ. ಬ್ಯಾಟರಿ ಕಳಚುವುದು, ಕಾರನ್ನು ಬರೀ ಜ್ಯಾಕ್ ಮೇಲಲ್ಲದೆ ಸ್ಟ್ಯಾಂಡ್ ಮೇಲೆ ನಿಲ್ಲಿಸುವುದು ಹೇಗೂ ಮಾಡಲೇಬೇಕಾದ ಕೆಲಸ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಈಗಲೇ ಬದಲಿಸಿ. ಆರು ತಿಂಗಳಿಗೆ ಅದು ಸೋರಿದರೆ ಮತ್ತೆ ಇಷ್ಟೂ ಬಿಚ್ಚಬೇಕು.

ಹಳೇ ಬೆಲ್ಟ್ ತೆಗೆಯುವ ಮುಂಚೆ ಕ್ರ್ಯಾಂಕನ್ನು ಅದು ಮಾಮೂಲಾಗಿ ತಿರುಗುವ ದಿಕ್ಕಿಗೇ ತಿರುಗಿಸಿ, ಪುಲ್ಲಿಗಳ ಗುರುತನ್ನು ಎಂಜಿನ್ ಮೇಲಿನ ಗುರುತಿಗೆ ಸರಿಯಾಗಿ ತಂದು ನಿಲ್ಲಿಸಬೇಕು. ಕ್ಯಾಮ್‌ಗೆ ಲಾಕ್ ಪಿನ್ ಇದ್ದರೆ ಅದು ಜಾಗ ತೋರಿಸಲು ಮಾತ್ರ. ಅದರ ಬಲದ ಮೇಲೆ ಬೋಲ್ಟ್ ಬಿಚ್ಚಲು ಹೋದರೆ ಪಿನ್ನೋ ಕ್ಯಾಮೋ ಮುರಿಯುತ್ತದೆ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು ಎಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ 18 ಡಿಗ್ರಿ ತಪ್ಪಿದಂತೆ. ಎಂಜಿನ್ ಸ್ಟಾರ್ಟ್ ಆಗಬಹುದು, ಆದರೆ ನಡುಗುತ್ತದೆ, ಎಳೆಯುವುದಿಲ್ಲ.

ಬೆಲ್ಟನ್ನು ಕ್ರ್ಯಾಂಕಿನಿಂದ ಹಾಕುತ್ತಾ ಬಂದು, ಕ್ರ್ಯಾಂಕ್ ಬೆಲ್ಟನ್ನು ತನ್ನತ್ತ ಎಳೆಯುವ ಬದಿಯಲ್ಲಿ ಸಡಿಲವೇ ಇರದಂತೆ ನೋಡಿಕೊಳ್ಳಬೇಕು. ಉಳಿದ ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಬರಬೇಕು. ಅದನ್ನು ಬಿಗಿಯುವುದೇ ಟೆನ್ಷನರ್ ಕೆಲಸ.

ಎಷ್ಟು ಬಿಗಿ? ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಸಡಿಲವಾದರೆ ಬೆಲ್ಟ್ ಹಲ್ಲು ಹಾರುತ್ತದೆ. ಬಿಗಿ ಜಾಸ್ತಿಯಾದರೆ ಕುಯ್ಯೆನ್ನುತ್ತದೆ, ವಾಟರ್ ಪಂಪಿನ ಬೇರಿಂಗ್ ಬೇಗ ಸವೆಯುತ್ತದೆ. ಹಳೇ ಕೈಗಳು ಎರಡು ಬೆರಳಲ್ಲಿ ಬೆಲ್ಟ್ ಹಿಡಿದು ತಿರುಚಿ ನೋಡುತ್ತಾರೆ. ಉದ್ದದ ಭಾಗ ಕಾಲು ಸುತ್ತು ತಿರುಗಿದರೆ ಸರಿ ಎನ್ನುತ್ತಾರೆ. ಆದರೆ ಎಲ್ಲರ ಬೆರಳಿನ ಬಲ ಒಂದೇ ಇರುತ್ತದಾ?

ಅದಕ್ಕಿಂತ ಒಳ್ಳೆಯ ದಾರಿ ಕಿವಿಯದು. ಎರಡು ಪುಲ್ಲಿಗಳ ನಡುವಿನ ಬೆಲ್ಟ್ ಎಂದರೆ ತಂತಿವಾದ್ಯದ ತಂತಿಯೇ. ಬೆರಳಲ್ಲಿ ಮೀಟಿದರೆ ಮಂದ್ರದಲ್ಲಿ ಗುಂಯ್ ಎನ್ನುತ್ತದೆ. ಎಷ್ಟು ಬಿಗಿಯೋ ಅಷ್ಟು ಏರು ಸ್ವರ. ಬಿಗಿ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟಾಗುತ್ತದೆ. ಒಂದು ಲೆಕ್ಕ ಮಾಡೋಣ. ಬೆಲ್ಟ್ ಮೀಟರಿಗೆ 100 ಗ್ರಾಂ ತೂಗುತ್ತದೆ, ಮೀಟಿದ ಭಾಗ 20 ಸೆಂಟಿಮೀಟರ್, ಕಂಪನ ಸೆಕೆಂಡಿಗೆ 100. ಹಾಗಾದರೆ ಬಿಗಿ 160 ನ್ಯೂಟನ್, ಅಂದರೆ ಸುಮಾರು 16 ಕಿಲೋ ತೂಗಿಬಿಟ್ಟಷ್ಟು. ಕಂಪನ 110 ಆಯಿತೆನ್ನಿ, ಬಿಗಿ ಆಗಲೇ ಶೇಕಡ 21ರಷ್ಟು ಏರಿರುತ್ತದೆ. ಈ ವ್ಯತ್ಯಾಸ ಬೆರಳಿಗೆ ಗೊತ್ತಾಗುವುದು ಕಷ್ಟ, ಫೋನಿನ ಮೈಕ್‌ಗೆ ಗೊತ್ತಾಗುತ್ತದೆ. ಶ್ರುತಿ ಅಳೆಯುವ ಆ್ಯಪ್ ಸಾಕು. ಕೆಲವು ಮ್ಯಾನ್ಯುಯಲ್‌ಗಳು ಬಿಗಿಯನ್ನು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಲ್ಲೇ ಕೊಟ್ಟಿರುತ್ತವೆ. ಅದು ಯಾವ ಭಾಗವನ್ನು ಮೀಟಿದಾಗಿನ ಸ್ವರ ಎಂಬುದನ್ನೂ ಅಲ್ಲೇ ನೋಡಿ. ಸ್ಪ್ರಿಂಗ್ ಇರುವ ಟೆನ್ಷನರ್ ಆದರೆ ಇಷ್ಟೆಲ್ಲ ಸಂಗೀತ ಬೇಡ. ಅದರ ಮುಳ್ಳನ್ನು ಹೇಳಿದ ಗುರುತಿಗೆ, ಹೇಳಿದ ದಿಕ್ಕಿನಿಂದ ತಂದು ನಟ್ ಬಿಗಿದರೆ ಆಯಿತು.

ಬೇರೆ ಹೇಳಿಲ್ಲದಿದ್ದರೆ ಇದನ್ನು ಎಂಜಿನ್ ತಣ್ಣಗಿದ್ದಾಗಲೇ ಮಾಡಬೇಕು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ, ಗಾಜಿನ ನಾರು ಅಷ್ಟು ಹಿಗ್ಗುವುದಿಲ್ಲ. ಪುಲ್ಲಿಗಳ ನಡುವೆ 30 ಸೆಂಟಿಮೀಟರ್ ಇದ್ದು, ಎಂಜಿನ್ 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಆ ಅಂತರ ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತದೆ. ಬೆಲ್ಟ್ ತಾನಾಗಿ ಬಿಗಿಯಾಗುತ್ತದೆ. ಬಿಸಿಯಲ್ಲಿ ಸರಿಮಾಡಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಸಡಿಲ.

ಕೊನೆಗೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಸ್ಪಾರ್ಕ್ ಪ್ಲಗ್ ತೆಗೆದಿದ್ದರೆ ಹಗುರಾಗಿ ತಿರುಗುತ್ತದೆ. ನಡುವೆ ಎಲ್ಲಾದರೂ ಲೋಹಕ್ಕೆ ಲೋಹ ತಾಗಿದಂತೆ ತಡೆದರೆ ಅಲ್ಲೇ ನಿಲ್ಲಿಸಿ. ಅದು ಪಿಸ್ಟನ್ ವಾಲ್ವನ್ನು ಮುಟ್ಟಿದ್ದು. ಸ್ಟಾರ್ಟರ್ ಕೈಯಲ್ಲಿ ಈ ಕೆಲಸ ಮಾಡಿಸಿದ್ದರೆ ಆಗಲೇ ಬಾಗಿರುತ್ತಿತ್ತು. ಎರಡು ಸುತ್ತಾದ ಮೇಲೆ ಪುಲ್ಲಿಗಳ ಗುರುತು ಮತ್ತೆ ಸರಿಯಾಗಿ ಕೂತಿರಬೇಕು. ಬಿಗಿಯನ್ನು ಇನ್ನೊಮ್ಮೆ ಅಳೆಯಬೇಕು.

ಮೊದಲ ಸಲ ನಾನು ಬೆವರಿದ್ದು ಇಲ್ಲೇ. ಪುಲ್ಲಿಯ ಗುರುತುಗಳು ಸರಿಯಾಗಿಯೇ ಬಂದವು. ಹಾಕುವಾಗ ಆ ಗುರುತುಗಳಿಗೆ ಹೊಂದಿಸಿದ್ದ ಹೊಸ ಬೆಲ್ಟಿನ ಬಿಳಿ ಗೆರೆಗಳು ಮಾತ್ರ ಎಲ್ಲೋ ಹೋಗಿದ್ದವು. ಮತ್ತೆ ಎರಡು ಸುತ್ತು ತಿರುಗಿಸಿದೆ, ಆಗಲೂ ಸೇರಲಿಲ್ಲ. ಇಡೀ ಬೆಲ್ಟ್ ಬಿಚ್ಚಿ ಮತ್ತೆ ಹಾಕಿದ ಮೇಲೆ ತಲೆಗೆ ಹೊಳೆಯಿತು. ಕ್ರ್ಯಾಂಕಿಗೆ 20 ಹಲ್ಲು, ಕ್ಯಾಮ್‌ಗೆ 40, ಬೆಲ್ಟಿಗೆ 113 ಇದ್ದರೆ, ಎರಡು ಸುತ್ತಿಗೆ ಬೆಲ್ಟ್ ಸರಿಯುವುದು 40 ಹಲ್ಲು ಅಷ್ಟೇ. 113 ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಬೆಲ್ಟ್ ಮೇಲಿನ ಗೆರೆ, ಎರಡು ಪುಲ್ಲಿಗಳ ಗುರುತು ಎಲ್ಲವೂ ಮತ್ತೆ ಒಟ್ಟಿಗೆ ಸೇರಬೇಕೆಂದರೆ ಕ್ರ್ಯಾಂಕ್ 226 ಸುತ್ತು ಬರಬೇಕು. ಕೈಯಲ್ಲಿ ತಿರುಗಿಸಿದರೆ ಸಂಜೆಯಾಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡಲ್ ಓಡುವಾಗ ಮಾತ್ರ ಸುಮಾರು 17 ಸೆಕೆಂಡಿಗೊಮ್ಮೆ ಅವೆಲ್ಲ ಸೇರುತ್ತವೆ, ಮುಚ್ಚಳದ ಹಿಂದೆ, ಯಾರ ಕಣ್ಣಿಗೂ ಬೀಳದೆ.