ಸೊಂಟನೋವಿದ್ದವರ ಜಿಪ್‌ಲೈನ್: ಮೊದಲು ಕೇಳಬೇಕಾದದ್ದು ನಿಲ್ಲಿಸುವ ಬಗೆ

ಏಪ್ರಿಲ್ ಬಂತೆಂದರೆ ಮಂಗಳೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಪ್ರಶ್ನೆಗಳು ಬದಲಾಗುತ್ತವೆ. ಯಾವ ವ್ಯಾಯಾಮವನ್ನು ಎಷ್ಟು ಸಲ ಮಾಡಬೇಕೆಂದು ಕೇಳುತ್ತಿದ್ದವರು ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ. ಕೊಡಗಿನದೋ ಚಿಕ್ಕಮಗಳೂರಿನದೋ ರೆಸಾರ್ಟ್, ಮರಗಳ ಮೇಲೆ ಎಳೆದು ಕಟ್ಟಿದ ಉಕ್ಕಿನ ಹಗ್ಗ, ತೇಲಿ ಹೋಗುವ ನಗುಮುಖ. “ಕುಳಿತುಕೊಂಡು ಹೋಗುವುದಷ್ಟೇ ಅಲ್ಲವಾ ಮೇಡಂ, ಸೊಂಟಕ್ಕೇನು ಕೆಲಸ?”

ಕೆಲಸ ಇದೆ. ಅದು ತೇಲುವಾಗ ಅಲ್ಲ, ನಿಲ್ಲುವಾಗ. ನನಗೆ ತೋರಿಸುವ ವಿಡಿಯೊಗಳು ಬಹುತೇಕ ಅರ್ಧ ದಾರಿಯಲ್ಲೇ ಮುಗಿದಿರುತ್ತವೆ. ನಾನು ನೋಡಬೇಕಾದದ್ದು ಕೊನೆಯ ಕೆಲವು ಸೆಕೆಂಡುಗಳನ್ನು.

ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಆ ವೇಗ ಎರಡು ಸೆಕೆಂಡಿನಲ್ಲಿ ಇಳಿದರೆ ದೇಹದ ಮೇಲೆ ಬೀಳುವ ಎಳೆತ ನಿಮ್ಮ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ಸೆಕೆಂಡಿನಲ್ಲಿ ಇಳಿದರೆ ತೂಕದ ಎರಡು ಪಟ್ಟಿಗೂ ಮಿಗಿಲು. ಹಗ್ಗ ಅದೇ, ವೇಗ ಅದೇ, ಬ್ರೇಕ್ ಮಾತ್ರ ಬೇರೆ. ಹಗ್ಗದ ಮೇಲೆ ಉರುಳುವ ಗಾಲಿ ನಿಂತರೂ ಕೆಳಗೆ ತೂಗುತ್ತಿರುವ ದೇಹ ಮುಂದಕ್ಕೆ ಚಿಮ್ಮುತ್ತದೆ. ತೊಡೆ, ಪೃಷ್ಠ ಹಾರ್ನೆಸ್‌ನಲ್ಲಿ, ಅಂದರೆ ದೇಹವನ್ನು ಗಾಲಿಗೆ ತೂಗುಹಾಕುವ ಪಟ್ಟಿಗಳಲ್ಲಿ, ಬಿಗಿಯಾಗಿರುವುದರಿಂದ ಬಾಗಬೇಕಾದದ್ದು ಸೊಂಟವೇ. ಅದೇ ಹೊತ್ತಿಗೆ ಅಟ್ಟಣೆಯಲ್ಲಿ ನಿಂತ ಹುಡುಗ “ಕಾಲೆತ್ತಿ, ಕಾಲೆತ್ತಿ” ಎಂದು ಕೂಗುತ್ತಾನೆ. ಕಾಲೆತ್ತುವ ಮುಖ್ಯ ಸ್ನಾಯು ಸೊಂಟದ ಕಶೇರುಗಳಿಂದಲೇ ಹೊರಟು ತೊಡೆಮೂಳೆಗೆ ಸೇರುತ್ತದೆ. ಅದು ಬಿಗಿದಾಗಲೆಲ್ಲ ಆ ಕಶೇರುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಬಾಗಿದ ಸೊಂಟ, ಎತ್ತಿದ ಕಾಲು, ಅದರ ಮೇಲೊಂದು ಜಗ್ಗು. ಕೆಳಸೊಂಟದ ಡಿಸ್ಕ್ ಉಬ್ಬಿ ಕಾಲಿಗೆ ನೋವು ಇಳಿಯುತ್ತಿರುವವರು ಇದನ್ನು ಕುಳಿತುಕೊಳ್ಳುವುದು ಎಂದು ಕರೆಯಬಾರದು.

ತಲುಪುವ ಮೊದಲೇ ವೇಗ ಕಳೆದುಕೊಂಡು ನಿಂತುಬಿಡುವವರೂ ಇದ್ದಾರೆ, ಮುಖ್ಯವಾಗಿ ತೂಕ ಕಡಿಮೆ ಇರುವವರು. ಆಗ ಹಿಮ್ಮುಖವಾಗಿ ತಿರುಗಿ, ಹಗ್ಗ ಹಿಡಿದು, ಒಂದೊಂದೇ ಕೈ ಬದಲಿಸುತ್ತ ತಮ್ಮ ದೇಹವನ್ನು ತಾವೇ ಎಳೆದುಕೊಳ್ಳಬೇಕು, ಇಲ್ಲವೇ ಸಿಬ್ಬಂದಿ ಬರುವವರೆಗೆ ತೂಗುತ್ತಿರಬೇಕು. ಮೂಡುಬಿದಿರೆಯ ಶಿಕ್ಷಕಿಯೊಬ್ಬರಿಗೆ ಹೀಗೇ ಆಯಿತು. ಹಾರಾಟ ಚೆನ್ನಾಗಿತ್ತಂತೆ, ಜಗ್ಗೂ ಇರಲಿಲ್ಲವಂತೆ. ಕೊನೆಯಲ್ಲಿ ಸೊಂಟ ತಿರುಚಿಕೊಂಡು ಎಳೆದದ್ದಕ್ಕೆ ಆ ರಾತ್ರಿಯೇ ನೋವು ಎದ್ದಿತು. ರಜೆಯ ಉಳಿದ ದಿನಗಳನ್ನು ಅವರು ಹಾಸಿಗೆಯಲ್ಲಿ ಕಳೆದರು.

ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ಫೋನ್ ಮಾಡಿ ಕೇಳಿ: ಹೇಗೆ ನಿಲ್ಲಿಸುತ್ತೀರಿ? ಸ್ಪ್ರಿಂಗ್ ಇದೆಯೇ, ಕೊನೆಯಲ್ಲಿ ಹಗ್ಗ ಮೇಲಕ್ಕೆ ಏರುತ್ತದೆಯೇ, ಅಥವಾ ಸಿಬ್ಬಂದಿಯೇ ಹಿಡಿದು ನಿಲ್ಲಿಸುತ್ತಾರೆಯೇ? ಅಟ್ಟಣೆಗೆ ಮೆಟ್ಟಿಲುಗಳೆಷ್ಟು? ಸ್ಪಷ್ಟ ಉತ್ತರ ಸಿಗದ ಕಡೆಗೆ ನನ್ನ ರೋಗಿಗಳನ್ನು ನಾನು ಕಳುಹಿಸುವುದಿಲ್ಲ.

ಭಂಗಿಯ ಬಗ್ಗೆಯೂ ಕೇಳಿ. ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ದುಬೈಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟದಲ್ಲಿ 2018ರಲ್ಲಿ ಶುರುವಾದ, 2.8 ಕಿಲೋಮೀಟರಿಗೂ ಉದ್ದದ ಜಿಪ್‌ಲೈನ್‌ಗೆ ಮಗ ಟಿಕೆಟ್ ತೆಗೆದಿದ್ದ. ಇವರದು ಡಿಸ್ಕ್ ತೊಂದರೆಯಲ್ಲ. ಸೊಂಟದಲ್ಲಿ ನರಗಳು ಸಾಗುವ ನಾಳ ಕಿರಿದಾಗಿತ್ತು. ಇಂಥವರಿಗೆ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ, ಹಿಂದಕ್ಕೆ ಬಾಗಿದರೆ ಕಾಲು ಜೋಮು ಹಿಡಿಯುತ್ತದೆ. “ಕುಳಿತರೆ ನನಗೆ ಆರಾಮ, ಹಾಗಾದರೆ ತೊಂದರೆ ಇಲ್ಲವಲ್ಲ” ಎಂದರು. ಅಲ್ಲಿ ಕೂರಿಸುವುದಿಲ್ಲ. ಬೋರಲಾಗಿ ಮಲಗಿಸಿ ತಲೆ ಮುಂದಾಗಿ ಬಿಡುತ್ತಾರೆ, ವೇಗ ಗಂಟೆಗೆ 150 ಕಿಲೋಮೀಟರ್‌ವರೆಗೆ ಹೋಗುತ್ತದೆ. ಮುಂದೆ ನೋಡಲು ತಲೆ ಎತ್ತಿದರೆ ಕುತ್ತಿಗೆಯೂ ಸೊಂಟವೂ ಹಿಂದಕ್ಕೆ ಬಾಗುತ್ತವೆ. ಮಗನಿಂದ ವಿಡಿಯೊ ತರಿಸಿ ಇಬ್ಬರೂ ಕೊನೆಯವರೆಗೆ ನೋಡಿದೆವು. ಟಿಕೆಟ್ ಸೊಸೆಯ ಪಾಲಾಯಿತು.

ಇನ್ನು ಬೆಲ್ಟ್ ಮತ್ತು ಮಾತ್ರೆ. ಹಾರ್ನೆಸ್‌ನ ಒಳಗೆ ಸೊಂಟದ ಬೆಲ್ಟ್ ಕಟ್ಟಿದರೆ ಹಾರ್ನೆಸ್ ಸರಿಯಾಗಿ ಕೂರುವುದಿಲ್ಲ, ಬೆಲ್ಟ್ ಆ ಜಗ್ಗನ್ನು ತಡೆಯುವುದೂ ಇಲ್ಲ. ನೋವಿನ ಮಾತ್ರೆ ನುಂಗಿ ಹೊರಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ದೇಹ “ಸಾಕು” ಎಂದು ಹೇಳುವ ದಾರಿಯನ್ನೇ ಮುಚ್ಚಿ ಎತ್ತರಕ್ಕೆ ಹತ್ತುವುದೇಕೆ?

ಎಲ್ಲರಿಗೂ ಬೇಡ ಎನ್ನುತ್ತಿಲ್ಲ. ಆಗಾಗ ಸೊಂಟ ಹಿಡಿದುಕೊಳ್ಳುವುದನ್ನು ಬಿಟ್ಟರೆ ಮೆಟ್ಟಿಲು ಹತ್ತಿ, ಬಾಗಿ, ಭಾರ ಎತ್ತಿ ದಿನ ಕಳೆಯುವವರಲ್ಲಿ ಹೆಚ್ಚಿನವರಿಗೆ ನಿಧಾನವಾಗಿ ನಿಲ್ಲುವ ಜಿಪ್‌ಲೈನ್ ಕಷ್ಟವಾಗಲಾರದು. ಹೆದರಿ ಮನೆಯಲ್ಲಿ ಕುಳಿತರೆ ಬೆನ್ನು ಇನ್ನಷ್ಟು ಬಿಗಿಯಾಗುತ್ತದೆ. ಆದರೆ ಬೆಳಿಗ್ಗೆ ಐದಕ್ಕೆ ಮಂಗಳೂರು ಬಿಟ್ಟು, ಚಾರ್ಮಾಡಿಯ ತಿರುವುಗಳಲ್ಲಿ ಕುಲುಕಿಸಿಕೊಂಡು, ಕಾರಿನಿಂದ ಇಳಿದವರೇ ಹಾರ್ನೆಸ್ ತೊಡಬೇಡಿ. ಅರ್ಧ ಗಂಟೆಯಾದರೂ ನಡೆದಾಡಿ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇರುವವರು, ಉಬ್ಬಸಕ್ಕೋ ಸಂಧಿವಾತಕ್ಕೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ಕಾಲಿನಲ್ಲಿ ಮರಗಟ್ಟುವಿಕೆ ಅಥವಾ ಬಲಹೀನತೆ ಇರುವವರು ತಮ್ಮ ವೈದ್ಯರು ಪರೀಕ್ಷಿಸಿ ಒಪ್ಪದೆ ಹೋಗಬಾರದು. ಈ ಅಂಕಣ ಓದಿ ತೀರ್ಮಾನಿಸುವ ವಿಷಯವಲ್ಲ ಅದು.

ಹೋಗಿ ಬಂದ ಮೇಲೆ ಒಂದೆರಡು ದಿನ ಮೈಕೈ ನೋಯಬಹುದು. ಪಟ್ಟಿ ಒತ್ತಿದ ಜಾಗದ ಜೋಮು ಸ್ವಲ್ಪ ಹೊತ್ತಿನಲ್ಲಿ ಹೋಗಬೇಕು. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಗುದದ್ವಾರದ ಸುತ್ತ, ತೊಡೆಗಳ ಒಳಬದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದಿದ್ದರೆ, ರಾತ್ರಿಯೇ ಆಗಿದ್ದರೂ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ನನ್ನ ಕ್ಲಿನಿಕ್‌ನ ಬಾಗಿಲು ತೆರೆಯುವವರೆಗೆ ಕಾಯಬೇಡಿ.