ನಂಜೇರಿದಾಗ ರಕ್ತವೇಕೆ ಹೆಪ್ಪುಗಟ್ಟುತ್ತದೆ?

2021ರ ಕೋವಿಡ್ ಎರಡನೆಯ ಅಲೆಯಲ್ಲಿ ಡಿ-ಡೈಮರ್, ಐಎಲ್-6 ಎಂಬ ಹೆಸರುಗಳು ನಮ್ಮಲ್ಲಿ ಮನೆಮಾತಾದವು. ಮೊದಲನೆಯದು ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು. ಎರಡನೆಯದು ಉರಿಯೂತದ ಸಂದೇಶ ಹೊತ್ತು ತಿರುಗುವ ಅಣು. ಶ್ವಾಸಕೋಶದ ಸೋಂಕಿಗೆ ಇವೆರಡನ್ನೂ ಒಟ್ಟಿಗೆ ಏಕೆ ಅಳೆಯುತ್ತಾರೆ ಎಂದು ಬಿಡಿಸಿ ಹೇಳುವ ಪುರುಸೊತ್ತು ಆಗ ಯಾರಿಗೂ ಇರಲಿಲ್ಲ.

ಕುದುರೆಲಾಳದ ಆಕಾರದ ಏಡಿಯ ರಕ್ತ ಬ್ಯಾಕ್ಟೀರಿಯಾ ಸೋಕಿದರೆ ಗಟ್ಟಿಯಾಗುವುದನ್ನು ಅಮೆರಿಕದ ಫ್ರೆಡರಿಕ್ ಬ್ಯಾಂಗ್ 1956ರಲ್ಲೇ ದಾಖಲಿಸಿದ್ದರು. ಅದರಲ್ಲಿ ಕಾವಲಿಗೂ ಹೆಪ್ಪಿಗೂ ಒಂದೇ ಕಣ. ನಮ್ಮ ದೇಹದಲ್ಲಿ ಆ ಕೆಲಸಗಳು ಹಂಚಿಹೋಗಿವೆ. ವೈದ್ಯವಿಜ್ಞಾನವೂ ಅವನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿಕೊಟ್ಟಿತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

1970ರ ದಶಕದಲ್ಲಿ ಮೊನೊಸೈಟ್ ಎಂಬ ಬಿಳಿ ರಕ್ತಕಣಕ್ಕೆ ಬ್ಯಾಕ್ಟೀರಿಯಾದ ವಿಷಾಂಶವಾದ ಎಂಡೋಟಾಕ್ಸಿನ್ ಸೋಕಿಸಿದಾಗ ಅದಕ್ಕೂ ಹೆಪ್ಪುಗಟ್ಟಿಸುವ ಶಕ್ತಿ ಬಂದಿತು. ಕಾರಣ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್. ಇದು ಸಾಮಾನ್ಯವಾಗಿ ರಕ್ತನಾಳದ ಹೊರಪದರದಲ್ಲಿರುತ್ತದೆ. ಗಾಯವಾದಾಗ ಮಾತ್ರ ರಕ್ತಕ್ಕೆ ತಾಗುತ್ತದೆ. ನಂಜೇರಿದಾಗ ಮೊನೊಸೈಟ್ ಅದನ್ನು ತನ್ನ ಮೈಮೇಲೆಯೇ ಮೂಡಿಸಿಕೊಳ್ಳುತ್ತದೆ. ಗಾಯವೇ ಇಲ್ಲದ ನಾಳದೊಳಗೆ ಹೆಪ್ಪು ಶುರುವಾಗುತ್ತದೆ.

ಹೀಗೆ ಮಾಡೆಂದು ಹೇಳುವ ಸಂದೇಶ ಯಾವುದು? 1990ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಟಿಎನ್‌ಎಫ್ ಎಂಬ ಸಂದೇಶಾಣುವನ್ನು ಚುಚ್ಚಿದರು. ಗಂಟೆಯೊಳಗೆ ಹೆಪ್ಪಿನ ಸರಣಿ ಚುರುಕಾಯಿತು. ಟಿಎನ್‌ಎಫ್ ತಡೆದರೆ ಸಾಕೆನಿಸುವುದು ಸಹಜವೇ. ಆದರೆ ಎಂಡೋಟಾಕ್ಸಿನ್ ಕೊಟ್ಟ ಚಿಂಪಾಂಜಿಗಳಲ್ಲಿ ಟಿಎನ್‌ಎಫ್ ತಡೆದರೂ ಹೆಪ್ಪಿನ ಕ್ರಿಯೆ ನಿಲ್ಲಲಿಲ್ಲ. 1994ರಲ್ಲಿ ಐಎಲ್-6 ತಡೆದು ನೋಡಿದಾಗ ಅದು ತಗ್ಗಿತು. ಒಂದು ಅಣುವನ್ನು ರಕ್ತಕ್ಕೆ ಸೇರಿಸಿ ನೋಡುವುದೇ ಬೇರೆ, ಹತ್ತಾರು ಸಂದೇಶಗಳ ಗದ್ದಲದಿಂದ ಅದೊಂದನ್ನೇ ತೆಗೆದು ನೋಡುವುದೇ ಬೇರೆ. ಈ ಫಲಿತಾಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿತೇ ಎಂಬ ಅನುಮಾನ ನನ್ನದು.

ಉರಿಯೂತವು ಹೆಪ್ಪಿನ ಲಗಾಮನ್ನೂ ಸಡಿಲಿಸುತ್ತದೆ. ಆ ಲಗಾಮು ಪ್ರೋಟೀನ್ ಸಿ. ಅದನ್ನೇ ಔಷಧವಾಗಿಸಿ ತೀವ್ರವಾಗಿ ನಂಜೇರಿದ 1,690 ರೋಗಿಗಳಲ್ಲಿ ಪರೀಕ್ಷಿಸಿದಾಗ, ಔಷಧ ಸಿಗದವರಲ್ಲಿ ಶೇ 30.8ರಷ್ಟು, ಸಿಕ್ಕವರಲ್ಲಿ ಶೇ 24.7ರಷ್ಟು ಮಂದಿ ಸತ್ತಿದ್ದರು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಲಾಭ ಕಾಣದೆ 2011ರಲ್ಲಿ ಔಷಧ ಮಾರುಕಟ್ಟೆಯಿಂದ ಹೊರಬಿತ್ತು.

2004ರಲ್ಲಿ ಬರ್ಲಿನ್ನಿನ ಸಂಶೋಧಕರು, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸಿ ರೋಗಾಣು ಹಿಡಿಯುವುದನ್ನು ತೋರಿಸಿದರು. ಆ ಬಲೆ ಹೆಪ್ಪಿಗೂ ಹಂದರವಾಗುತ್ತದೆ ಎಂಬುದು 2010ರ ಹೊತ್ತಿಗೆ ತಿಳಿಯಿತು. ಸಣ್ಣ ನಾಳದ ಹೆಪ್ಪು ರೋಗಾಣು ಹರಡದಂತೆ ದೇಹ ಕಟ್ಟುವ ಒಡ್ಡು ಎಂಬ ವಾದ 2013ರಲ್ಲಿ ಮ್ಯೂನಿಕ್‌ನಿಂದ ಬಂದಿತು. ಕೋವಿಡ್‌ನಲ್ಲಿ ಒಡ್ಡೇ ಹೊಳೆಯನ್ನು ಹೂಳಿತು. ಹೆಪ್ಪು ತಡೆಯುವ ಔಷಧವಾದ ಹೆಪರಿನ್ನಿನ ದೊಡ್ಡ ಪ್ರಮಾಣ ವಾರ್ಡಿನಲ್ಲಿದ್ದವರಿಗೆ ನೆರವಾಯಿತು, ತೀವ್ರ ನಿಗಾ ಘಟಕ ಸೇರಿದವರಿಗೆ ಆಗಲಿಲ್ಲ. ಐಎಲ್-6ರ ಕೆಲಸ ತಡೆಯುವ ಟೊಸಿಲಿಜುಮಾಬ್ 2021ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರಲ್ಲಿ ಸಾವನ್ನು ಶೇ 35ರಿಂದ ಶೇ 31ಕ್ಕೆ ಇಳಿಸಿತು. ಅದನ್ನು ಕೊಟ್ಟದ್ದು ಉರಿಯೂತ ತಗ್ಗಿಸಲು. ಅದರ ಫಲದಲ್ಲಿ ಹೆಪ್ಪಿನ ಪಾಲೆಷ್ಟು ಎಂಬುದನ್ನು ಇನ್ನೂ ಬಿಡಿಸಬೇಕಿದೆ. ಚಿಂಪಾಂಜಿಗಳ ಪ್ರಯೋಗ ಪ್ರಕಟವಾಗಿ ಆಗ 27 ವರ್ಷ ಕಳೆದಿದ್ದವು.